ಪೂಜೆಗೆ ಕೂತ ಡಿಕ್ಷನರಿ

ನನಗೆ ಇಂಗ್ಲಿಷ್ ಕಲಿಸಿದ ಮಾಸ್ತರು ನಿವೃತ್ತರಾಗಿ ಈಗ ಸಿದ್ದಾಪುರದಲ್ಲಿದ್ದಾರೆ. ಅವರ ಕ್ಲಾಸಿನಲ್ಲಿ ಇಬ್ಬರು ದೇವರು: ಗೋಡೆಯ ಮೇಲೆ ಶಾರದೆ, ಮೇಜಿನ ಮೇಲೆ ಡಿಕ್ಷನರಿ. ಯಾರಾದರೂ ಹೊಸ ಶಬ್ದ ಬಳಸಿದರೆ ಅವರು ಸರಿ ಎಂದೂ ಹೇಳುತ್ತಿರಲಿಲ್ಲ, ತಪ್ಪು ಎಂದೂ ಹೇಳುತ್ತಿರಲಿಲ್ಲ. ಕೆಂಪು ರಟ್ಟಿನ ಆ ದಪ್ಪ ಪುಸ್ತಕವನ್ನು ನಮ್ಮ ಕಡೆ ತಳ್ಳುತ್ತಿದ್ದರು. ಅದರಲ್ಲಿದ್ದರೆ ಇಂಗ್ಲಿಷ್, ಇಲ್ಲದಿದ್ದರೆ ಅಲ್ಲ. ದಾಸನಕೊಪ್ಪದ ಕಡೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದ ನನಗೆ ಈ ನ್ಯಾಯ ಬಹಳ ಹಿಡಿಸಿತ್ತು. ಪೇಟೆಯ ಮಕ್ಕಳು ಎಷ್ಟೇ ಠೀವಿಯಿಂದ ಮಾತಾಡಲಿ, ಪುಸ್ತಕ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮುಂದೆ ನಾನೇ ಶಿರಸಿಯಲ್ಲಿ ಇಂಗ್ಲಿಷ್ ಟೀಚರಾದೆ. ಕಲಿಸುತ್ತ ಕಲಿಸುತ್ತ ನನಗೆ ಬೇರೆಯದೇ ಕಂಡಿತು. ಡಿಕ್ಷನರಿ ಭಾಷೆಯ ಮುಂದೆ ಕೋಲು ಹಿಡಿದು ನಡೆಯುವುದಿಲ್ಲ. ಹಿಂದಿನಿಂದ ಬಂದು, ಜನ ಆಡಿದ್ದನ್ನು ಹೆಕ್ಕಿ ಬುಟ್ಟಿಗೆ ಹಾಕಿಕೊಳ್ಳುತ್ತದೆ. ಆದರೆ ಒಮ್ಮೆ ಬುಟ್ಟಿಗೆ ಬಿದ್ದ ಶಬ್ದಕ್ಕೆ ಎಲ್ಲಿಲ್ಲದ ಮರ್ಯಾದೆ. ಶಾಲೆಯಲ್ಲಿ, ಕಚೇರಿಯಲ್ಲಿ, ಪರೀಕ್ಷೆಯಲ್ಲಿ ಎಲ್ಲರೂ ಅದಕ್ಕೆ ಎದ್ದು ನಿಂತು ಕುರ್ಚಿ ಕೊಡುತ್ತಾರೆ. ಇದನ್ನು ನನ್ನ ಕ್ಲಾಸಿನ ಮಕ್ಕಳಿಗೆ ಧೈರ್ಯವಾಗಿಯೇ ಹೇಳುತ್ತೇನೆ. ಮಾಸ್ತರ ಎದುರು ಹೇಳುವ ಪ್ರಸಂಗ ಬಂದದ್ದು ಹೋದ ನವರಾತ್ರಿಯಲ್ಲಿ.

ಮೂರು ತಾಲೂಕಿನ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಪ್ರಬಂಧ ಸ್ಪರ್ಧೆ ನಡೆದಿತ್ತು. ವಿಷಯ, ನನಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗ. ಮೊದಲು ಬಂದ ಒಬ್ಬರಿಗೆ ಮಾತ್ರ ಧಾರವಾಡದ ಇಂಗ್ಲಿಷ್ ಶಿಬಿರಕ್ಕೆ ಹೋಗುವ ಅವಕಾಶ. ತೀರ್ಪು ಕೊಡುವವರು ಮಾಸ್ತರು ಮತ್ತು ನಾನು. ಪ್ರಬಂಧಗಳ ಕಟ್ಟು ಹಿಡಿದು ಸಿದ್ದಾಪುರದ ಬಸ್ಸು ಹತ್ತಿದೆ. ಸಂಜೆಯೊಳಗೆ ಹೆಸರು ಕಳಿಸಬೇಕಿತ್ತು.

ಕೊನೆಗೆ ಎರಡು ಪ್ರಬಂಧ ಉಳಿದವು. ಒಂದು ಶಿರಸಿಯ ಹುಡುಗನದು, ಸ್ವರ್ಣವಲ್ಲಿಯ ಮಠದ ಬಗ್ಗೆ. ಒಂದು ತಪ್ಪಿಲ್ಲ, ಒಂದು ಉಸಿರೂ ಇಲ್ಲ. ಇನ್ನೊಂದು ಯಲ್ಲಾಪುರದ ಹುಡುಗಿಯದು. ಅವಳ ಅಪ್ಪನದು ಲಾರಿ. ರಜೆಯಲ್ಲಿ ಅವಳು ಅಪ್ಪನ ಪಕ್ಕ ಕೂತು, ವಜ್ರಳ್ಳಿಯಿಂದ ಅಡಿಕೆ ಚೀಲ ಹೇರಿಕೊಂಡು ಶಿರಸಿಯ ವಖಾರಿಗೆ ಬರುತ್ತಾಳೆ. ಚೀಲ ಇಳಿಸು ಎನ್ನುವ ಮೊದಲು ಅಲ್ಲಿಯವರು ನನ್ನ ಅಬ್ಬಾಗೆ ಚಾ ಕುಡಿ ಎನ್ನುತ್ತಾರೆ, ಅದಕ್ಕೇ ಈ ಜಾಗ ನನಗೆ ಇಷ್ಟ ಎಂದು ಬರೆದಿದ್ದಳು. ಆ ಸಾಲನ್ನು ಎರಡೆರಡು ಸಲ ಓದಿದೆ. ಈ ಹುಡುಗಿ ಧಾರವಾಡಕ್ಕೆ ಹೋಗಲೇಬೇಕು ಎಂದು ಆಗಲೇ ನಿಶ್ಚಯಿಸಿಬಿಟ್ಟೆ.

ಆದರೆ ಅಡಿಕೆ ವ್ಯಾಪಾರದ ಆ ಜಾಗಕ್ಕೆ ಅವಳು ಉದ್ದಕ್ಕೂ ವಖಾರಿ ಎಂದೇ ಬರೆದಿದ್ದಳು. ಮಾಸ್ತರು ಒಂದೊಂದರ ಕೆಳಗೂ ಕೆಂಪು ಗೆರೆ ಎಳೆದಿದ್ದರು.

"ಇದು ಇಂಗ್ಲಿಷ್ ಶಬ್ದವೇ ಅಲ್ಲ. ಗೋಡೌನ್ ಅಂತ ಬರೀಬಹುದಿತ್ತು," ಎಂದರು. "ಪ್ರತಿಯೊಂದಕ್ಕೂ ಮಾರ್ಕ್ಸ್ ಕಳೀಬೇಕು."

ಕಳೆದರೆ ಹುಡುಗಿ ಎರಡನೆಯವಳಾಗುತ್ತಿದ್ದಳು. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ಬಾಯಿಗೆ ನೇರ ದಾಸನಕೊಪ್ಪವೇ ಬರುತ್ತದೆ.

"ಗೋಡೌನ್ ಏನ್ ಲಂಡನ್ನಿನಾಗ ಹುಟ್ಟಿತ್ತೇನ್ರಿ ಸರ್? ಅದೂ ಈ ಕಡೆಯಿಂದನ ಹಡಗು ಹತ್ತಿ ಹೋಗಿದ್ದು. ಒಂದ್ ಕಾಲಕ್ಕ ಅದೂ ಡಿಕ್ಷನರಿಯಾಗ ಇರಲಿಲ್ಲ."

"ಈಗ ಇದೆಯಲ್ಲ," ಎಂದು ಅವರು ಅಭ್ಯಾಸಬಲದಿಂದ ಮೇಜಿನ ಬಲಗಡೆಗೆ ಕೈಚಾಚಿದರು. ಅಲ್ಲಿ ಡಿಕ್ಷನರಿ ಇರಲಿಲ್ಲ. ಕೈ ಹಾಗೇ ನಿಂತಿತು.

ಡಿಕ್ಷನರಿ ದೇವರ ಕೋಣೆಯಲ್ಲಿತ್ತು. ನವರಾತ್ರಿಯಲ್ಲಿ ಒಮ್ಮೆ ಪುಸ್ತಕಗಳನ್ನು ಶಾರದೆಯ ಮುಂದೆ ಇಟ್ಟರೆ ವಿಜಯದಶಮಿಯವರೆಗೆ ತೆರೆಯುವಂತಿಲ್ಲ. ಅಂದು ಪುಸ್ತಕ ತೆಗೆದು ಮೊದಲು ಒಂದಷ್ಟು ಅಕ್ಷರ ಬರೆದು, ಆಮೇಲೆ ಓದಬೇಕು. ಆ ಮನೆಯಲ್ಲಿ ಈ ಪದ್ಧತಿ ಎಂದೂ ತಪ್ಪಿದ್ದಿಲ್ಲ. ಬಾಗಿಲ ಸಂದಿಯಿಂದ ನೋಡಿದರೆ ಕೆಂಪು ರಟ್ಟಿನ ಮೇಲೆ ಕುಂಕುಮ, ಗೊಂಡೆ ಹೂವು. ಇಂಗ್ಲಿಷಿನ ಯಜಮಾನರು ಹಾಯಾಗಿ ನೈವೇದ್ಯ ಸ್ವೀಕರಿಸುತ್ತಿದ್ದರು.

ನಾನು ಪರ್ಸಿನಿಂದ ಮೊಬೈಲ್ ತೆಗೆದೆ.

"ಅದು ಬೇಡ. ಅದರಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಬರೀತಾರೆ. ಮತ್ತೆ ಅದೂ ಓದೇ ಅಲ್ಲವಾ?"

"ಹಂಗಾರ ಪ್ರಬಂಧ ಓದಬಹುದೇನ್ರಿ?"

"ಪ್ರಬಂಧ ಪೂಜೆಗೆ ಇಟ್ಟಿಲ್ಲ," ಎಂದರು ಗಂಭೀರವಾಗಿ.

ಆಗ ಅವರ ಹೆಂಡತಿ ಕಷಾಯ ತಂದಿಟ್ಟು, "ಎಂತಕ್ಕೆ ಗಲಾಟೆ?" ಎಂದರು. ಕೇಳಿಸಿಕೊಂಡು, "ಗೋಡೌನು, ವಖಾರಿ ಎರಡೂ ಒಂದೇ ಹೇಳಾದ್ರೆ, ನಿಂಗ ವಖಾರಿಗೆ ಹೋದವ್ರು ಸಂಜೆವರೆಗೂ ಎಂತ ಮಾಡ್ತಿ?" ಎಂದು ಗಂಡನನ್ನು ಛೇಡಿಸಿ ಒಳಗೆ ಹೋದರು.

ನಾನು ಎಳೆ ಹಿಡಿದುಕೊಂಡೆ. "ಸರ್, ಪುಸ್ತಕ ಇಲ್ಲ ಅಂತ ತಿಳ್ಕೋರಿ. ಕ್ಲಾಸಿನ್ಯಾಗ ಒಬ್ಬ ಇಂಗ್ಲಿಷಿನವ ಕುಂತಾನ. ವಖಾರಿ ಅಂದ್ರೇನು ಅಂತ ಅವಂಗ ಹೇಳ್ರಿ."

ಮಾಸ್ತರಿಗೆ ಕ್ಲಾಸು ಎಂದರೆ ಸಾಕು. ಬೆನ್ನು ನೆಟ್ಟಗಾಯಿತು. ಇಂಗ್ಲಿಷಿನಲ್ಲಿ ಶುರು ಮಾಡಿದರು. ಗೋಡೌನಿನಲ್ಲಿ ಸರಕು ಇರುತ್ತದೆ, ಬಾಗಿಲಿಗೆ ಬೀಗ ಇರುತ್ತದೆ. ವಖಾರಿಯ ಬಾಗಿಲು ತೆರೆದೇ ಇರುತ್ತದೆ. ವಖಾರಿಗೆ ಬೆಳೆಗಾರ ಬಂದರೆ ಮೊದಲು ಚಾಪೆಯ ಮೇಲೆ ಕೂರುತ್ತಾನೆ, ಎಲೆಯಡಿಕೆಯ ಕವಳ ಹಾಕುತ್ತಾನೆ, ಮಗಳ ಮದುವೆಯ ಮಾತಾಡುತ್ತಾನೆ. ಅಡಿಕೆಯ ಮಾತು ಆಮೇಲೆ. ತಮ್ಮ ಅಪ್ಪ ಮಳೆಗಾಲದ ಸುದ್ದಿಯನ್ನೆಲ್ಲ ವಖಾರಿಯಿಂದಲೇ ಮನೆಗೆ ತರುತ್ತಿದ್ದ. ಹೇಳುತ್ತ ಹೇಳುತ್ತ ಅವರ ದನಿ ಮೆತ್ತಗಾಯಿತು. ಅಷ್ಟು ಒಳ್ಳೆಯ ಇಂಗ್ಲಿಷನ್ನು ನಾನು ಅವರ ಕ್ಲಾಸಿನಲ್ಲೂ ಕೇಳಿರಲಿಲ್ಲ.

"ಸರ್, ಈಗ ನೀವು ಇಂಗ್ಲಿಷಿನಾಗ ಬಳಸಿದ ವಖಾರಿ, ಕವಳಕ್ಕೆಲ್ಲ ನಾನು ಕೆಂಪು ಗೆರೆ ಎಳೀಲೇನ್ರಿ?" ಎಂದೆ.

ಅವರು ನನ್ನನ್ನೇ ದಿಟ್ಟಿಸಿದರು. ನಗು ಬಂದಿತ್ತು, ಬಿಟ್ಟುಕೊಡಲಿಲ್ಲ. ಹುಡುಗಿಯ ಹೆಸರಿಗೆ ಸಹಿ ಹಾಕಿದರು, ಆದರೆ ಷರತ್ತಿನ ಮೇಲೆ. ವಿಜಯದಶಮಿಯಂದು ಪುಸ್ತಕ ತೆಗೆಯುತ್ತೇನೆ, ಶಬ್ದ ಅದರಲ್ಲಿ ಇಲ್ಲದಿದ್ದರೆ ನಾನೇ ಫೋನ್ ಮಾಡಿ ಸಹಿ ಹಿಂದಕ್ಕೆ ಪಡೆಯುತ್ತೇನೆ ಎಂದರು. ಹೇಳಿದ್ದನ್ನು ಮಾಡುವ ಮನುಷ್ಯ ಅವರು.

ಅದರಲ್ಲಿ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹೈಸ್ಕೂಲಿನ ದಿನಗಳಲ್ಲೇ ಆ ಪುಸ್ತಕದಲ್ಲಿ ನಮ್ಮೂರ ಶಬ್ದಗಳನ್ನೆಲ್ಲ ಹುಡುಕಿ ಸೋತವಳು ನಾನು. ನನ್ನ ವಾದದ ಮೇಲೆ ನನಗೆ ಅನುಮಾನ ಇರಲಿಲ್ಲ. ಆದರೆ ಯಲ್ಲಾಪುರದಲ್ಲಿ ಆ ಹುಡುಗಿ ಆಗಲೇ ಚೀಲಕ್ಕೆ ಬಟ್ಟೆ ತುಂಬಿಕೊಳ್ಳುತ್ತಿರಬಹುದು ಎಂದು ನೆನೆದಾಗೆಲ್ಲ ಫೋನಿನ ಕಡೆ ನೋಡುತ್ತಿದ್ದೆ.

ವಿಜಯದಶಮಿಯ ಬೆಳಿಗ್ಗೆ ಫೋನ್ ಬಂತು.

"ಪುಸ್ತಕ ತೆಗೆದೆ," ಎಂದರು ಮಾಸ್ತರು.

"ನೋಡಿದ್ರೇನ್ರಿ ಸರ್?"

ಆ ಕಡೆಯಿಂದ ಉತ್ತರ ಬರುವ ಮೊದಲು ಹೆಂಡತಿಯ ದನಿ ಕೇಳಿಸಿತು: "ಪೂಜೆ ಮಾಡಿದ ಪುಸ್ತಕದಲ್ಲಿ ಎಂತಕ್ಕೆ ಗೀಚಿದ್ದು?"

ನನ್ನೊಡನೆ ಮಾಸ್ತರು ಯಾವತ್ತೂ ಮನೆಮಾತು ಆಡಿದವರಲ್ಲ. ಪುಸ್ತಕದ ಕನ್ನಡ, ಇಲ್ಲವೇ ಇಂಗ್ಲಿಷ್. ಅಂದು ಮಾತ್ರ ಆಡಿದರು.

"ಮೊದಲು ಇತ್ತಿಲ್ಲೆ, ತಂಗಿ," ಎಂದರು. "ಈಗ ಇದ್ದು."