ಮಾಲೀಕರನ್ನು ಕಣ್ಣಾರೆ ಕಾಣಬೇಕೆಂಬ ನಿಯಮ

ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕ, ತಮ್ಮ ಸೇರಿ ತೆರಿಗೆ ಸಲಹೆಯ ಕಚೇರಿ ನಡೆಸುತ್ತಿದ್ದರು. ಗಿರಾಕಿಗಳೆಲ್ಲ ಆಕೆಯನ್ನು ತೆರಿಗೆಯಕ್ಕ ಎನ್ನುತ್ತಿದ್ದರು. ಕೆಳಗಿನಿಂದ ಏರಿಬರುವ ರಬ್ಬರಿನ ಕಮಟು ಆಕೆಗೆ ಎಂದೋ ಒಗ್ಗಿಹೋಗಿತ್ತು. ಒಗ್ಗದೆ ಹೋದದ್ದು ಆ ವರ್ಷ ಬಂದ ಹೊಸ ನಿಯಮದ ಹಿಂದೆಯೇ ಕಚೇರಿಗೆ ನುಗ್ಗಿದ ಸುಳ್ಳುಗಳು.

ಪ್ರತಿ ಕಂಪನಿಯೂ ತನ್ನ ನಿಜವಾದ ಮಾಲೀಕರು ಯಾರೆಂದು ಸರ್ಕಾರಕ್ಕೆ ತಿಳಿಸಬೇಕಿತ್ತು. ವರದಿ ಸಲ್ಲಿಸುವ ಸಲಹೆಗಾರರು ಆ ಮಾಲೀಕರನ್ನು ಕಣ್ಣಾರೆ ಕಂಡಿದ್ದೇವೆಂದು ಸಹಿ ಹಾಕಬೇಕಿತ್ತು. ಅಷ್ಟಕ್ಕೇ ದೊಡ್ಡವರು ಮಾಲೀಕರೆಂದು ತೋರಿಸಲು ಬೇರೆಯವರ ಹೆಸರು ಹುಡುಕತೊಡಗಿದರು. ಒಬ್ಬ ತನ್ನ ಡ್ರೈವರನ ಹೆಸರು ತಂದ. ಇನ್ನೊಬ್ಬ ಎಂದೋ ಬಿಟ್ಟ ಹೆಂಡತಿಯ ಹೆಸರು ಹಿಡಿದುಕೊಂಡು ಬಂದ. ಇಬ್ಬರನ್ನೂ ಆಕೆ ಮೆಟ್ಟಿಲಿಳಿಸಿ ಕಳಿಸಿದಳು.

ಪೇಂಟ್ ಕಾರ್ಖಾನೆಯವನು ಮಾತ್ರ ಹಳೆಯ ಗಿರಾಕಿ. "ಕಾರ್ಖಾನೆ ನಮ್ಮಪ್ಪನ ತಂಗೀದು. ನಾನು ಬರೀ ನೋಡ್ಕೊಳ್ಳೋನು" ಎಂದ.

"ಹಾಗಾದ್ರೆ ಅವರನ್ನ ನೋಡ್ಬೇಕು" ಎಂದಳು ಆಕೆ.

ಅವನ ಮನೆಗೆ ಹೋದರೆ, ಮುಂಭಾಗದಲ್ಲಿ ಮುಖ ಕಾಣುವಂಥ ನೆಲ. ಮಾಲೀಕಳೆನಿಸಿಕೊಂಡವಳು ಇದ್ದದ್ದು ಗ್ಯಾರೇಜಿನ ಹಿಂದೆ, ಖಾಲಿ ಪೇಂಟ್ ಡಬ್ಬಗಳು ತುಂಬಿದ ಕೋಣೆಯಲ್ಲಿ. ಆಗತಾನೇ ಸೆಂಟು ಹೊಡೆದಿದ್ದರು. ಅದರಡಿಯಿಂದ ಹುಣ್ಣಿನ ವಾಸನೆ, ಮೂತ್ರದ ವಾಸನೆ ಇಣುಕುತ್ತಿತ್ತು. ಮುದುಕಿಯ ಹೆಬ್ಬೆರಳಿಗೆ ಹಳೆಯ ಶಾಯಿ ಮೆತ್ತಿಕೊಂಡಿತ್ತು.

ತೆರಿಗೆಯಕ್ಕ ಬಾಗಿ ಕೇಳಿದಳು: "ಅಮ್ಮಾ, ಪೇಂಟ್ ಕಾರ್ಖಾನೆ ನಿಮ್ದಾ?"

"ಯಾವ ಕಾರ್ಖಾನೆ?" ಎಂದಳು ಮುದುಕಿ. "ನೀನು ಹಾಸಿಗೆ ಬದಲಾಯಿಸೋಕೆ ಬಂದೋಳಲ್ವಾ?"

ಅವನು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಕ್ಕ. "ಮರೆವು, ಅಷ್ಟೇ. ನಾಳೆ ಏನಾದ್ರೂ ತಕರಾರು ಬಂದ್ರೂ ಇಂಥೋರನ್ನ ಯಾರು ಜೈಲಿಗೆ ಹಾಕ್ತಾರೆ ಹೇಳಿ?"

ಆಕೆ ಮೂಲೆಯಲ್ಲಿದ್ದ ಒಗೆದ ಬಟ್ಟೆ ತೆಗೆದು ಹಾಸಿಗೆ ಬದಲಾಯಿಸಿದಳು, ಮುದುಕಿಯ ಬೆನ್ನು ಒರೆಸಿದಳು. ಆಮೇಲೆ ಅವನಿಗೆ, "ನಿಮ್ಮ ಹೆಸರು ಬರೆಯೋದಾದ್ರೆ ಬನ್ನಿ. ಇಲ್ಲಾಂದ್ರೆ ನಮ್ಮ ಕಚೇರಿ ಸಹಿ ಸಿಗಲ್ಲ" ಎಂದು ಹೊರಬಿದ್ದಳು.

ವಾರದೊಳಗೆ ಅವನು ಸಿಹಿ ಹಂಚಲು ಬಂದ. ಮುದುಕಿಯ ಹೆಸರಿನ ವರದಿಗೆ ಆಕೆಯ ತಮ್ಮನೇ ಸಹಿ ಹಾಕಿಕೊಟ್ಟಿದ್ದ.

"ಮುದುಕೀನ ನೀನು ಕಣ್ಣಾರೆ ಕಂಡ್ಯಾ?" ಎಂದು ತಮ್ಮನನ್ನು ಕೇಳಿದಳು.

"ನೀನು ನೋಡ್ಕೊಂಡು ಬಂದಿದ್ಯಲ್ಲ. ನಾವೇನು ಅವರ ಮನೆ ಹಾಸಿಗೆ ಒಗೆಯೋಕೆ ಓದಿದ್ದಾ ಅಕ್ಕಾ?"

ಬಾಯಿಗೆ ಹಾಕಿಕೊಂಡಿದ್ದ ಸಿಹಿಯನ್ನು ಆಕೆ ಕಸದ ಬುಟ್ಟಿಗೆ ಉಗುಳಿದಳು. ತಾನು ಎತ್ತಿ ಆಡಿಸಿದ ತಮ್ಮ. ಆದರೂ ಅಂದೇ ಕಂಪನಿ ನೋಂದಣಿ ಕಚೇರಿಗೆ ಹೋಗಿ, ಆ ವರದಿ ಸುಳ್ಳೆಂದು ಹೇಳಿಕೆ ಕೊಟ್ಟಳು.

ತನಿಖೆಯವರು ಬಂದರು. ಮುದುಕಿಯನ್ನು ಆಸ್ಪತ್ರೆಗೆ ಸೇರಿಸಲಾಯಿತು. ಕಾರ್ಖಾನೆಯವನು ದಂಡ ಕಟ್ಟಿ ತನ್ನ ಹೆಸರು ಬರೆಸಿದ. ತಮ್ಮನಿಗೆ ಒಂದು ಎಚ್ಚರಿಕೆ, ಅಷ್ಟೇ.

ಆ ತಮ್ಮನೇ ಅರ್ಧಕ್ಕಿಂತ ಹೆಚ್ಚು ಗಿರಾಕಿಗಳನ್ನು ಕರೆದುಕೊಂಡು ಎದುರಿನ ಕಟ್ಟಡಕ್ಕೆ ಹೋದ. 'ಮಾಲೀಕತ್ವ ವರದಿಯಲ್ಲಿ ಪರಿಣತರು' ಎಂದು ಬೋರ್ಡು ಹಾಕಿಸಿದ. ಉದ್ಘಾಟನೆಯ ದಿನ ಮೊದಲ ಕುರ್ಚಿಯಲ್ಲಿ ಕುಳಿತಿದ್ದವನು ಅದೇ ಪೇಂಟ್ ಕಾರ್ಖಾನೆಯವನು. ಅವನು ಟೈರ್ ಅಂಗಡಿಯ ಮೇಲಿನ ಕಿಟಕಿಯತ್ತ ಕೈಬೀಸಿದ. ತೆರಿಗೆಯಕ್ಕ ಕಿಟಕಿ ಮುಚ್ಚಿ, ಕಾದು ಕುಳಿತಿದ್ದ ಒಬ್ಬನೇ ಗಿರಾಕಿಯ ಕಡೆ ತಿರುಗಿದಳು.