ಹಿಂದೆ ಹೆಜ್ಜೆ ಇಟ್ಟು ಪಡೆದ ಎಂ.ಎ. ಸೀಟು

ಬಿ.ಎ.ಯಲ್ಲಿ ನನಗೆ ಸಿಕ್ಕಿದ್ದು ಪಾಸ್ ಕ್ಲಾಸ್. ಪರೀಕ್ಷೆಯ ಹೊತ್ತಿಗೆ ಜ್ವರ ಬಂದಿತ್ತು ಎಂದು ಆಗ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಶುದ್ಧ ಸುಳ್ಳು. ಕುಮಟೆಯ ಚಿಕ್ಕಮ್ಮನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದ ನಾನು ಪಠ್ಯ ಬಿಟ್ಟು ಕೈಗೆ ಸಿಕ್ಕ ಕಾದಂಬರಿಗಳನ್ನೆಲ್ಲ ಓದಿದ್ದೆ, ಅಷ್ಟೇ. ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡಬೇಕೆಂಬ ಆಸೆ ಮಾತ್ರ ಫಸ್ಟ್ ಕ್ಲಾಸಿನದು. ಅರ್ಜಿ ಹಾಕಿದೆ. ಅಂಕ ಸಾಲದು ಎಂದು ಕಾಗದ ಬಂತು.

ಮಂಕಿಯ ನಮ್ಮ ಮನೆಯಲ್ಲಿ ಅಪ್ಪ ಆ ಕಾಗದವನ್ನು ಎರಡು ಸಲ ಓದಿದರು. "ಇನ್ನೊಂದು ವರ್ಷ ನೋಡು. ಆಗ್ಲಿಲ್ಲ ಅಂದ್ರೆ ಭಟ್ಕಳದವರಿಗೆ ಹೂಂ ಅಂದ್ಬಿಡುವಾ" ಎಂದರು. ಭಟ್ಕಳದಿಂದ ನನಗೊಂದು ಸಂಬಂಧ ಬಂದಿತ್ತು. ಆ ಹುಡುಗನ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಓದು ಅಲ್ಲಿಗೇ ಮುಗಿಯುತ್ತದಲ್ಲ ಎಂದು ಮಾತ್ರ ಬಹಳ ಅತ್ತೆ.

ಕುಮಟೆಗೆ ಹೋಗಿ ಕಾಲೇಜಿನ ಕನ್ನಡ ಮಾಸ್ತರರನ್ನು ಕಂಡೆ. "ಅಂಕ ಇನ್ನು ಬದಲಾಗೂದಿಲ್ಲ. ಅದು ಬಿಟ್ಟು ತೋರಿಸೂಕೆ ನಿನ್ನ ಹತ್ರ ಎಂತ ಅದೆ?" ಎಂದು ಕೇಳಿದರು. ಏನೂ ಇರಲಿಲ್ಲ. "ನಿಮ್ಮ ಗದ್ದೆಲಿ ನಟ್ಟಿ ಮಾಡ್ತಾ ಹೆಂಗಸ್ರು ಹಾಡ್ತಾರಲ್ಲ, ಅದನ್ನ ಬರ್ಕೊಂಡು ಬಾ. ಧಾರವಾಡದವರು ಅದನ್ನ ನೋಡ್ತಾರೆ" ಎಂದರು.

ನಮ್ಮ ಗದ್ದೆಯಲ್ಲಿ ಸಸಿ ನೆಡುವವರಿಗೆ ಹಾಡು ಎತ್ತಿಕೊಡುತ್ತಿದ್ದವಳು ಒಬ್ಬ ಅಜ್ಜಿ. ಅವಳನ್ನು ಕರೆತಂದು ಜಗಲಿಯಲ್ಲಿ ಕೂರಿಸಿ, ಚಹ ಕೊಟ್ಟು, ನೋಟುಬುಕ್ಕು ಬಿಡಿಸಿದೆ. ತವರಿಗೆ ಹೋಗಲು ಸೊಸೆ ಅತ್ತೆಯ ಅಪ್ಪಣೆ ಕೇಳುವ ಹಾಡು. ನಾಲ್ಕು ಸಾಲಿಗೆ ನಿಂತಿತು. ಮರುದಿನವೂ ಅದೇ ನಾಲ್ಕು ಸಾಲು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಹೇಳಿಕೊಡೂಕೆ ಮನಸಿಲ್ಲ ಅಂದ್ರೆ ಹಾಗೇ ಹೇಳಜ್ಜಿ" ಎಂದುಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. "ಕೈ ಸುಮ್ನೆ ಕೂತ್ರೆ ಪದ ಎಲ್ಲಿಂದ ಬರ್ತದೆ ತಂಗಿ? ಗದ್ದೆಗಿಳಿ" ಎಂದು ಲೋಟ ತೊಳೆದಿಟ್ಟು ಹೋದಳು.

ಇಳಿದೆ. ಬಗ್ಗಿ ನಿಂತು, ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈಯಿಂದ ಕೆಸರಿಗೆ ಒತ್ತುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಬೇಕು. ಅಜ್ಜಿ ಸಾಲು ಎತ್ತಿದಳು, ಉಳಿದವರು ಹಿಡಿದುಕೊಂಡರು. ಜಗಲಿಯಲ್ಲಿ ನಾಲ್ಕು ಸಾಲಿಗೆ ಮುಗಿದಿದ್ದ ಹಾಡು ಮಧ್ಯಾಹ್ನದ ಊಟದವರೆಗೆ ಸಾಗಿತು! ಯಾರಾದರೂ ಹಿಂದೆ ಬಿದ್ದರೆ ಅಜ್ಜಿ ರಾಗ ನಿಧಾನ ಮಾಡುತ್ತಿದ್ದಳು. ನಾನು ನೆಟ್ಟ ಸಸಿಗಳು ನೀರಿನಲ್ಲಿ ತೇಲಿದರೆ ಹಾಡು ನಿಲ್ಲಿಸದೆಯೇ ಬಂದು ಮತ್ತೆ ಊರುತ್ತಿದ್ದಳು. ಅಕ್ಷರ ಬಾರದ ಆ ಹೆಂಗಸಿನ ನೆನಪಿನ ಶಕ್ತಿ, ತಾಳ್ಮೆ, ಗತ್ತು ಕಂಡು ನನ್ನ ಪಾಸ್ ಕ್ಲಾಸೂ ಹೆಚ್ಚಾಯಿತು ಅನ್ನಿಸಿತು. ಮಳೆಯಲ್ಲಿ ಬರೆಯುವಂತಿರಲಿಲ್ಲ. ಊಟದ ಹೊತ್ತಿಗೆ ಮನೆಗೆ ಓಡಿ ಬಂದು ನೆನಪಿದ್ದಷ್ಟು ಬರೆಯುತ್ತಿದ್ದೆ. ಮರೆತದ್ದನ್ನು ಕೇಳಿದರೆ "ನಾಳೆ ನೆಡೂಕೆ ಬಾ" ಎನ್ನುತ್ತಿದ್ದಳು. ನಟ್ಟಿ ಮುಗಿಯುವಷ್ಟರಲ್ಲಿ ನೋಟುಬುಕ್ಕು ತುಂಬಿತು.

ಮರುವರ್ಷ ಮತ್ತೆ ಅರ್ಜಿ ಹಾಕಿದೆ. ಈ ಸಲ ಸಂದರ್ಶನಕ್ಕೆ ಕರೆ ಬಂತು. ಹೊನ್ನಾವರದಲ್ಲಿ ಲಾಂಚಿನಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು ಧಾರವಾಡ ಸೇರಿದೆ. ಅಲ್ಲಿನ ಪ್ರಾಧ್ಯಾಪಕರು ಒಮ್ಮೆ ಅಂಕಪಟ್ಟಿ, ಒಮ್ಮೆ ನೋಟುಬುಕ್ಕು ನೋಡಿದರು. ಆಮೇಲೆ ನೋಟುಬುಕ್ಕು ಮುಚ್ಚಿದರು. "ಮಾರ್ಕು ನೋಡಿದ್ರ ಇಷ್ಟು ಕಡಿಮಿ. ಇದನ್ನ ನೀವ ಕೇಳಿ ಬರದೀರಿ ಅಂತ ಹೆಂಗ ನಂಬೂದು? ಒಂದು ಹಾಡು ಹೇಳ್ರಿ, ನೋಡೂಣು."

ಕುರ್ಚಿಯಲ್ಲಿ ಕೂತು ಸೊಸೆಯ ಹಾಡು ಶುರು ಮಾಡಿದೆ. ನಾಲ್ಕೇ ಸಾಲು! ಮುಂದಿನದೆಲ್ಲ ಮಂಗಮಾಯ. ಭಟ್ಕಳದವರು ಕಣ್ಣ ಮುಂದೆ ಬಂದು ನಿಂತರು. ಆಗ ಅಜ್ಜಿ ಹೇಳಿದ್ದು ನೆನಪಾಯಿತು. ಎದ್ದೆ, ಸೆರಗು ಸಿಕ್ಕಿಸಿದೆ, ಬಗ್ಗಿದೆ. ಇಲ್ಲದ ಸಸಿಯನ್ನು ಕೋಣೆಯ ನೆಲಕ್ಕೆ ಒತ್ತುತ್ತ ಒಂದು ಹೆಜ್ಜೆ ಹಿಂದೆ ಇಟ್ಟೆ. ಹಾಡು ಬಂತು. ನಾಚಿಕೆಯೆಲ್ಲ ಎಲ್ಲಿ ಹೋಯಿತೋ, ನೆಡುತ್ತ ಹಾಡುತ್ತ ಹೋದವಳ ಬೆನ್ನಿಗೆ ಬಾಗಿಲು ಬಡಿಯಿತು.

"ಹೊರಗ ಯಾಕ ಹೊಂಟ್ರಿ? ಒಳಗ ಬರ್ರಿ, ನಿಮಗ ಸೀಟು ಕೊಟ್ಟೇವಿ" ಎಂದರು ಪ್ರಾಧ್ಯಾಪಕರು, ನಗುತ್ತ.

ಮಂಕಿಗೆ ಬಂದವಳು ಮನೆಗೂ ಹೋಗದೆ ಗದ್ದೆಗೆ ಓಡಿದೆ. ಆ ವರ್ಷದ ನಟ್ಟಿ ನಡೆದಿತ್ತು. ಬದುವಿನ ಮೇಲೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಕೇಳಿಸಿಕೊಂಡಳು.

"ಎಷ್ಟು ಹೆಜ್ಜೆಗೆ ಬಾಗಿಲು ಬಂತು?"

"ಎಂಟೋ ಹತ್ತೋ."

"ಹಾಗಾದ್ರೆ ಸೊಸೆ ಇನ್ನೂ ಅತ್ತೆ ಮನೇಲೇ ನಿಂತಿದ್ಲು" ಎಂದು ಒಂದು ಕಟ್ಟು ಸಸಿ ನನ್ನತ್ತ ಚಾಚಿದಳು. "ಇಳಿ ತಂಗಿ, ಅವಳನ್ನ ತವರಿಗೆ ಮುಟ್ಟಿಸಿ ಆಮೇಲೆ ನೀ ಹೋಗು."

ಸಂದರ್ಶನಕ್ಕೆಂದು ಉಟ್ಟಿದ್ದ ಹೊಸ ಸೀರೆಯಲ್ಲೇ ಕೆಸರಿಗಿಳಿದೆ.