ಅಕ್ಕನ ಗೇಮಿಂಗ್ ಕಂಪ್ಯೂಟರ್

ತನ್ನ ಮಗಳು ಧಾರವಾಡದ ಹಾಸ್ಟೆಲ್ ಸೇರಿದ ವರ್ಷ ಅಕ್ಕ ಸಿರುಗುಪ್ಪದಿಂದ ಫೋನ್ ಮಾಡಿ, "ಲೇ ತಮ್ಮಾ, ಒಂದು ಗೇಮ್ ಆಡೋ ಕಂಪ್ಯೂಟರ್ ಮಾಡಿಸ್ಬೇಕಾಗೇತಿ. ಏನೇನ್ ಬೇಕು ಹೇಳು" ಎಂದಳು.

"ಹಾಸ್ಟೆಲ್‌ನಾಗ ಅಷ್ಟು ದೊಡ್ಡದು ಇಡಾಕ ಬಿಡಂಗಿಲ್ಲಕ್ಕಾ. ಅಕಿಗೊಂದು ಲ್ಯಾಪ್‌ಟಾಪ್ ಕೊಡಸು."

"ಅಕಿಗಲ್ಲಲೇ. ನನಗ."

ನಾನು ನಕ್ಕೆ. ಆ ಕಡೆಯಿಂದ ಅಕ್ಕ ನಗಲಿಲ್ಲ. ನಲವತ್ತು ದಾಟಿದ, ಸರ್ಕಾರಿ ಸಾಲೆಯಲ್ಲಿ ಗಣಿತ ಹೇಳಿಕೊಡುವ, ಅತ್ತೆ ಮಾವ ಇರುವ ತುಂಬಿದ ಮನೆಯನ್ನು ನಡೆಸುವ ಹೆಂಗಸು ನಿಜವಾಗಿಯೇ ಕೇಳುತ್ತಿದ್ದಾಳೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಮನೆ ಪಾರ್ವತಿನಗರದಲ್ಲಿ. ಆದರೆ ನಾವಿಬ್ಬರೂ ಬೆಳೆದದ್ದು ಬ್ರೂಸ್‌ಪೇಟೆಯ ಒಂದು ಓಣಿಯಲ್ಲಿ, ಕಿರಾಣಿ ಗೋದಾಮಿನ ಮೇಲಿನ ಬಾಡಿಗೆ ಮನೆಯಲ್ಲಿ. ಒಂದು ಬೇಸಿಗೆ ರಜೆಗೆ ಚಿಕ್ಕಪ್ಪ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಬಾಡಿಗೆಗೆ ತಂದಿದ್ದ. ಅದರಲ್ಲೊಂದು ಕಾರಿನ ಓಟವಿತ್ತು. ಓಣಿಯ ಹುಡುಗರೆಲ್ಲ ಬಂದು ಆಡಿದರು, ಎಲ್ಲರೂ ಅಕ್ಕನ ಕೈಯಲ್ಲಿ ಸೋತರು. ತಿರುವು ಬರುವ ಮೊದಲೇ ಅವಳ ಹೆಬ್ಬೆರಳು ತಿರುಗಿರುತ್ತಿತ್ತು. ಗೋದಾಮಿನ ಹಮಾಲರೂ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು ನೋಡಿದ್ದುಂಟು. ರಜೆ ಮುಗಿಯಿತು, ಚಿಕ್ಕಪ್ಪ ಅದನ್ನು ವಾಪಸ್ ಕೊಟ್ಟ. ಆಮೇಲೆ ನಮ್ಮ ಓಣಿಯ ತುದಿಯಲ್ಲೇ ಗೇಮ್ ಪಾರ್ಲರ್ ತೆರೆದರು. ನಾನು ಹೋಗುತ್ತಿದ್ದೆ. ಅಕ್ಕ ಹೋಗುವಂತಿರಲಿಲ್ಲ. ಯಾರೂ ಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ನಾನು ಬಂದ ಮೇಲೆ ಕೇಳುತ್ತಿದ್ದಳು: "ಮೂರನೇ ತಿರುವಿನ್ಯಾಗ ಏನ್ ಮಾಡ್ದಿ? ಬ್ರೇಕ್ ಹಿಡದ್ಯಾ? ಹುಚ್ಚ, ಅಲ್ಲಿ ಹಿಡೀಬಾರದಲೇ." ಒಂದು ಸಲವೂ ಅದರೊಳಗೆ ಕಾಲಿಡದೆ ಅಲ್ಲಿಯ ಆಟಗಳೆಲ್ಲ ಅವಳಿಗೆ ಗೊತ್ತಿದ್ದವು.

ಅದನ್ನೆಲ್ಲ ನಾನು ಮರೆತೇಬಿಟ್ಟಿದ್ದೆ. ಅವಳು ಮರೆತಿರಲಿಲ್ಲ.

ಸಾಮಾನು ಆರಿಸುವ ಕೆಲಸ ಶುರುವಾಯಿತು. ತೀರಾ ಕಡಿಮೆಯದ್ದೂ ಬೇಡ, ಮೇಲಿನ ದರ್ಜೆಯದ್ದೂ ಬೇಡ, ನಡುವಿನ ಬಜೆಟ್ಟಿನಲ್ಲಿ ಆಗಬೇಕು, ತನ್ನ ಸಂಬಳದಲ್ಲಿ ಉಳಿಸಿದ್ದರಲ್ಲೇ ಮುಗಿಯಬೇಕು ಎಂದು ಮೊದಲೇ ಹೇಳಿದ್ದಳು. ದಿನಾ ಸಂಜೆ ಸಾಲೆ ಬಿಟ್ಟ ಮೇಲೆ ಫೋನ್ ಬರುತ್ತಿತ್ತು. ಹಿಂದೆ ಬಸ್ಸಿನ ಹಾರ್ನ್ ಕೇಳುತ್ತಿತ್ತು.

"ಪ್ರೊಸೆಸರ್ ಮೊದಲು ಆರಸ್ಬೇಕೋ ಮದರ್‌ಬೋರ್ಡೋ?"

"ಪ್ರೊಸೆಸರ್. ಅದು ಕೂಡೋ ಸಾಕೆಟ್ ಯಾವುದೋ ಅದ ಸಾಕೆಟ್ ಇರೋ ಬೋರ್ಡ್ ತಗೋಬೇಕು. ಬೋರ್ಡ್ ಯಾವ ನಮೂನಿ ರ‍್ಯಾಮ್ ಹಿಡೀತೈತೋ ಅದ ರ‍್ಯಾಮ್."

"ರ‍್ಯಾಮ್ ಒಂದ ದೊಡ್ಡದು ಹಾಕಿದ್ರ ಸಾಲಂಗಿಲ್ಲೇನು?"

"ಒಂದರ ಬದ್ಲಿ ಎರಡು ಸಣ್ಣವು ಜೋಡಿ ಹಾಕಿದ್ರ ಜಲ್ದಿ ಓಡ್ತೈತಕ್ಕಾ."

ಮರುದಿನ ಅವಳೇ ಓದಿಕೊಂಡು ಬಂದು ನನ್ನನ್ನು ಪರೀಕ್ಷೆ ಮಾಡುವವಳಂತೆ ಕೇಳುತ್ತಿದ್ದಳು. ಆಟದ ಚಿತ್ರಗಳನ್ನು ಪರದೆಗೆ ಬಿಡಿಸಿ ಕೊಡುವ ಗ್ರಾಫಿಕ್ಸ್ ಕಾರ್ಡ್ ಎಷ್ಟು ಕರೆಂಟ್ ಎಳೆಯುತ್ತದೆ, ಪ್ರೊಸೆಸರ್ ಎಷ್ಟು ಎಳೆಯುತ್ತದೆ, ಅವೆರಡನ್ನೂ ಕೂಡಿಸಿ ಮೇಲೆ ಇನ್ನಷ್ಟು ಬಿಟ್ಟರೆ ಪವರ್ ಸಪ್ಲೈ ಯಾವುದು ತರಬೇಕು. ಕಾರ್ಡ್ ದೊಡ್ಡದು ತಂದು ಪ್ರೊಸೆಸರ್ ಸಣ್ಣದಾದರೆ ಕಾರ್ಡ್ ಸುಮ್ಮನೆ ಕಾಯುತ್ತ ಕೂರುತ್ತದಂತೆ, ಹೌದೇನು? ಬಣ್ಣದ ಲೈಟು ಹತ್ತುವ ರ‍್ಯಾಮ್ ನೋಡಿ, "ಜಾತ್ರಿ ಮಾಡ್ಬೇಕೇನು ಮನ್ಯಾಗ? ಆ ರೊಕ್ಕ ಕಾರ್ಡಿಗೆ ಹಾಕೂಣು" ಎಂದಳು. ಮದುವೆಯಾಗಿ ಹೋದ ಮೇಲೆ ನಾವಿಬ್ಬರೂ ಅಷ್ಟು ಮಾತಾಡಿದ್ದೇ ಇಲ್ಲ. ಹಬ್ಬಕ್ಕೆ ಬರ್ತೀಯಾ, ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ಯಾ, ಇಷ್ಟರಲ್ಲೇ ಎಷ್ಟೋ ವರ್ಷ ಕಳೆದಿದ್ದವು.

ಒಂದು ಶನಿವಾರ ಮಧ್ಯಾಹ್ನದ ಮೇಲೆ ಬಳ್ಳಾರಿಗೆ ಬಂದಳು. ಬ್ರೂಸ್‌ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯವರು ನನ್ನ ಕಡೆ ತಿರುಗಿ, "ಬರ್ರಿ ಸರ್, ಮಗನಿಗೇನ್ರೀ?" ಎಂದರು.

"ನನಗರೀ" ಎಂದಳು ಅಕ್ಕ.

ಅವರು ಮತ್ತೆ ನನ್ನ ಮುಖವನ್ನೇ ನೋಡಿದರು. ಅಕ್ಕ ಬ್ಯಾಗಿನಿಂದ ಬಟ್ಟೆ ಅಳೆಯುವ ಟೇಪು ತೆಗೆದು, ಅವರು ಇಳಿಸಿಟ್ಟ ಕ್ಯಾಬಿನೆಟ್ಟಿನ ಒಳಗೆ ಹಿಂದಿನಿಂದ ಮುಂದಿನ ಫ್ಯಾನಿನವರೆಗೆ ಹಿಡಿದಳು. "ಇದರಾಗ ನಮ್ಮ ಕಾರ್ಡ್ ಕೂಡಂಗಿಲ್ರಿ. ಇನ್ನೊಂದು ತೋರಸ್ರಿ" ಎಂದಳು. ಅವರು ಕಾರ್ಡಿನ ಡಬ್ಬಿ ತರಿಸಿ ಪಕ್ಕದಲ್ಲಿ ಹಿಡಿದು ನೋಡಿ, ಒಂದು ಬೆರಳಿನಷ್ಟು ಹೆಚ್ಚಾಗುತ್ತದೆ ಎಂದು ಒಪ್ಪಿಕೊಂಡರು. ಆಮೇಲೆ ಪೂರ್ತಿ ವ್ಯವಹಾರ ಅವಳ ಜೊತೆಗೇ ನಡೆಯಿತು, "ಮೇಡಂ" ಎಂದೇ ಮಾತಾಡಿಸಿದರು. ನಾನು ಸ್ಟೂಲ್ ಮೇಲೆ ಕೂತು ಚಹಾ ಕುಡಿದೆ.

ಬೋರ್ಡ್ ಮಾತ್ರ ಹಳೆಯ ಸ್ಟಾಕ್ ಇತ್ತು. ಸಾಕೆಟ್ ಅದೇ, ರ‍್ಯಾಮ್ ಅದೇ, ಎಲ್ಲ ಹೊಂದುತ್ತದೆ ಎಂದು ತಗೊಂಡೆವು. ನನ್ನ ಮನೆಗೆ ತಂದು ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನುಗಳು ತಿರುಗಿದವು, ಪರದೆ ಕಪ್ಪಾಗಿಯೇ ಇತ್ತು. ರ‍್ಯಾಮ್ ತೆಗೆದು ಹಾಕಿದೆ. ಕಾರ್ಡ್ ತೆಗೆದು ಹಾಕಿದೆ. ಅಕ್ಕ ನನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು. ಕೊನೆಗೆ ಹೊಳೆಯಿತು: ಬೋರ್ಡ್ ತಯಾರಾದ ಕಾಲಕ್ಕೆ ಈ ಪ್ರೊಸೆಸರ್ ಹುಟ್ಟಿಯೇ ಇರಲಿಲ್ಲ. ಬೋರ್ಡಿನ ಒಳಗಿರುವ ಬಯೋಸ್ ಎಂಬ ಪುಟ್ಟ ಪ್ರೋಗ್ರಾಂ ಅದರ ಗುರುತು ಹಿಡಿಯುತ್ತಿಲ್ಲ. ಹಳೆಯ ಪ್ರೊಸೆಸರ್ ಒಂದನ್ನು ಕೂಡಿಸಿ, ಬೋರ್ಡನ್ನು ಎಬ್ಬಿಸಿ, ಬಯೋಸ್ ಹೊಸದು ಮಾಡಿ, ಆಮೇಲೆ ನಮ್ಮದನ್ನು ಹಾಕಬೇಕು. ಅಂಗಡಿಯಲ್ಲಿ ಹಳೆಯ ಪ್ರೊಸೆಸರ್ ಇರಲಿಲ್ಲ.

ಕುರುಗೋಡಿನಲ್ಲಿ ನನ್ನ ಜೊತೆ ಐಟಿಐ ಓದಿದ ಗೆಳೆಯನೊಬ್ಬ ಇಂಟರ್ನೆಟ್ ಸೆಂಟರ್ ಇಟ್ಟುಕೊಂಡಿದ್ದಾನೆ. ಫೋನ್ ಮಾಡಿದರೆ, "ನನ್ನ ಕಂಪ್ಯೂಟರಿನ್ಯಾಗ ಅದ ಹಳೇ ಪ್ರೊಸೆಸರ್ ಐತಿ, ನಾಳಿ ಐತವಾರ, ಸೆಂಟರ್ ಬಂದ್ ಇರ್ತೈತಿ, ತಗೊಂಡ್ ಬಾ" ಎಂದ. ಬೆಳಿಗ್ಗೆ ಕ್ಯಾಬಿನೆಟ್ಟನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊರಟೆವು. ಹಂಪ್ ಬಂದಾಗಲೆಲ್ಲ ಅಕ್ಕ ಅದನ್ನು ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದಳು. ಕಂಡಕ್ಟರ್, "ಏನ್ರೀ ಅಕ್ಕಾರ ಅದು, ಹಾರ್ಮೋನಿಯಮ್ಮೇನು?" ಎಂದ. ಅವಳು ಹೌದು ಎಂದಳು.

ಗೆಳೆಯ ತನ್ನ ಕಂಪ್ಯೂಟರ್ ಬಿಚ್ಚಿ ಹಳೆಯ ಪ್ರೊಸೆಸರ್ ತೆಗೆದುಕೊಟ್ಟ. "ನಾ ಹಾಕ್ತೀನಿ" ಎಂದಳು ಅಕ್ಕ. ಬಳೆಗಳನ್ನು ಮೊಣಕೈಯತ್ತ ಸರಿಸಿ, ಮೂಲೆಯ ಸಣ್ಣ ತ್ರಿಕೋನದ ಗುರುತನ್ನು ಹೊಂದಿಸಿ, ಒತ್ತದೆ ಹಾಗೇ ಬಿಟ್ಟಳು. ಅದು ತಾನೇ ಇಳಿಯಿತು. ಪರದೆ ಬೆಳಗಿತು. ಬಯೋಸ್ ಹೊಸದಾಗುವ ಹೊತ್ತಿನಲ್ಲಿ ಕರೆಂಟ್ ಹೋದರೆ ಬೋರ್ಡ್ ಪೂರ್ತಿ ಹೋದಂತೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ಗೆಳೆಯನ ಯುಪಿಎಸ್ಸಿನ ಬ್ಯಾಟರಿ ಅವನೇ ನಂಬುವಂಥದ್ದಲ್ಲ. ಪರದೆಯ ಮೇಲಿನ ಗೆರೆ ಉದ್ದವಾಗುವತನಕ ಅಕ್ಕ ಸೀಲಿಂಗ್ ಫ್ಯಾನನ್ನೇ ನೋಡುತ್ತ ನಿಂತಳು. ಗೆಳೆಯನ ಹೆಂಡತಿ ಒಗ್ಗರಣೆ ಮಂಡಕ್ಕಿ ತಂದು, "ತಗೋರಿ ಅಕ್ಕಾರ" ಎಂದರೆ ತಲೆ ಇಳಿಸಲಿಲ್ಲ. ಗೆರೆ ತುಂಬಿತು. ನಮ್ಮ ಪ್ರೊಸೆಸರ್ ಹಾಕಿ ಮತ್ತೆ ಸ್ವಿಚ್ ಒತ್ತಿದಾಗ ಬೆಳಕು ಬಂದದ್ದು ನೋಡಿ ಅವಳು ಕೂಗಿಕೊಂಡಳು. ಅಂಥ ಕೂಗು ಅವಳ ಬಾಯಿಂದ ನಾನು ಆ ಬೇಸಿಗೆ ರಜೆಯ ನಂತರ ಕೇಳಿರಲಿಲ್ಲ. ಕುರುಗೋಡಿನಿಂದಲೇ ನೆಟ್ಟಗೆ ಸಿರುಗುಪ್ಪದ ಬಸ್ ಹತ್ತಿದೆವು.

ಮಗಳ ಖಾಲಿ ಕೋಣೆಯಲ್ಲಿ ಅದನ್ನು ಇಟ್ಟೆವು. ಆ ಮಳೆಗಾಲ, ಆ ಚಳಿಗಾಲ ಅಕ್ಕ ಆಡಿದಳು. ಸಾಲೆಯಿಂದ ಬಂದು ಒಲೆ ಹಚ್ಚುವ ಮೊದಲು ಸ್ವಲ್ಪ ಹೊತ್ತು. ಐತವಾರ ಮಧ್ಯಾಹ್ನ ನಾನು ಪಾರ್ವತಿನಗರದಿಂದ, ಅವಳು ಸಿರುಗುಪ್ಪದಿಂದ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೇ ರಸ್ತೆಯಲ್ಲಿ ಕಾರು ಬಿಡುತ್ತಿದ್ದೆವು. ಮೊದಲ ವಾರ ಅವಳು ಸೋತಳು. ಆಮೇಲೆ ನಾನು ಗೆದ್ದದ್ದು ನೆನಪಿಲ್ಲ. "ಬ್ರೇಕ್ ಹಿಡೀಬ್ಯಾಡಲೇ" ಎಂದು ಕಿವಿಯಲ್ಲಿ ಬೈಯುತ್ತ ಪಕ್ಕದಲ್ಲೇ ದಾಟಿ ಹೋಗುತ್ತಿದ್ದಳು. ನಡುವೆ ಅವಳ ಅತ್ತೆಯ ದನಿ ಕೇಳುತ್ತಿತ್ತು, "ಬಂದೆರೀ" ಎನ್ನುತ್ತಿದ್ದಳು, ಅವಳ ಕಾರು ರಸ್ತೆಯ ನಡುವೆ ನಿಂತುಬಿಡುತ್ತಿತ್ತು. ನಾನೂ ನನ್ನದನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದೆ.

ಅಕ್ಕನ ಗಂಡನನ್ನು ನಾನು ಮಾಮ ಎಂದು ಕರೆಯುತ್ತೇನೆ. ಒಳ್ಳೆಯ ಮನುಷ್ಯ. ಸಿರುಗುಪ್ಪದಲ್ಲಿ ಅವರದು ಗೊಬ್ಬರ, ಕ್ರಿಮಿನಾಶಕದ ಅಂಗಡಿ. ಮುಂದಿನ ನಾಟಿ ಹಂಗಾಮಿನಲ್ಲಿ, ದೇಶನೂರು ಕಡೆಯ ರೈತರೆಲ್ಲ ಬಂದು ಸಾಲು ನಿಂತ ಹೊತ್ತಿಗೆ, ಅಂಗಡಿಯ ಹಳೆಯ ಕಂಪ್ಯೂಟರ್ ಕೆಟ್ಟಿತು. ಬಿಲ್ ಇಲ್ಲದೆ ಗೊಬ್ಬರ ಕೊಡುವಂತಿಲ್ಲ. ಮಾಮ ಸಂಜೆ ಮನೆಗೆ ಬಂದು, ನಾಲ್ಕು ದಿನದ ಮಟ್ಟಿಗೆ ಎಂದು ಅಕ್ಕನ ಕಂಪ್ಯೂಟರ್ ಒಯ್ದರು. ಬಿಚ್ಚಿ ಕೊಟ್ಟವಳು ಅಕ್ಕನೇ. ಯಾವ ವೈರ್ ಎಲ್ಲಿಗೆ ಎಂದು ಪ್ರತಿಯೊಂದಕ್ಕೂ ಚೀಟಿ ಅಂಟಿಸಿ ಕೊಟ್ಟಳಂತೆ.

ನಾಟಿ ಮುಗಿಯಿತು. ಎರಡನೇ ಸಲ ಗೊಬ್ಬರ ಹಾಕುವ ಕಾಲ ಬಂತು. ಐತವಾರ ನಾನು ಫೋನ್ ಮಾಡಿದರೆ, "ಇನ್ನೂ ಅಂಗಡ್ಯಾಗ ಐತಲೇ" ಎನ್ನುತ್ತಿದ್ದಳು. ಭತ್ತ ಕೊಯ್ಲಾದ ಮೇಲೂ ಅದು ಅಲ್ಲೇ ಇತ್ತು. ನಾನು ಒಂದು ದಿನ ಸಿರುಗುಪ್ಪಕ್ಕೆ ಹೋಗಿ ಅಂಗಡಿಯಲ್ಲಿ ಕೂತು ಮಾತು ತೆಗೆದೆ.

"ಮಾಮಾ, ಬಿಲ್ ಮಾಡಾಕ ಇಷ್ಟು ದೊಡ್ಡದು ಬೇಕಾಗಿಲ್ಲ. ಸಾದಾದ್ದೊಂದು ನಾನ ಜೋಡಿಸಿ ತಂದ್ಕೊಡ್ತೀನಿ."

"ಯಾಕ ಅಳಿಯಾ, ಇದು ಭಾಳ ಚಲೋ ಓಡಾಕತ್ತೈತಿ" ಎಂದರು ಮಾಮ ಖುಷಿಯಿಂದ. "ಹಳೇದು ಆನ್ ಆಗೋದ್ರಾಗ ಗಿರಾಕಿ ಒಂದು ಚಹಾ ಕುಡದ್ ಬರ್ತಿದ್ದ. ನಿಮ್ಮಕ್ಕ ಆರಸಿದ್ದು ನೋಡು, ಹಂಗ ಐತಿ. ಮನ್ಯಾಗಿದ್ರ ಬರೇ ಗೇಮು."

ಅವರು ಹೆಂಡತಿಯನ್ನು ಹೊಗಳುತ್ತಲೇ ಹೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಒಳಗಿನ ಗೋದಾಮಿನಿಂದ ಬಂದು, "ತಮ್ಮಾ, ಬಾ ಊಟಕ್ಕ" ಎಂದಳು. ದಾರಿಯಲ್ಲಿ ಹೇಳಿದಳು: "ಬಿಡಲೇ. ಅದು ಆಟ. ಜಗಳ ಮಾಡಿ ತಂದು ಹೆಂಗ ಆಡ್ಲಿ? ಕುಂತಾಗೆಲ್ಲ ಆ ಜಗಳಾನ ನೆನಪಾಗ್ತೈತಿ."

"ನೀ ಮಾಡ್ಬ್ಯಾಡ, ನಾ ಮಾತಾಡ್ತೀನಿ."

"ನೀ ಮಾತಾಡಿದ್ರೂ ನಾನ ಮಾತಾಡಿದಂಗಲ್ಲೇನು?"

ಊಟಕ್ಕೆ ಕೂತಾಗ ಅವಳೇ ಇನ್ನೊಂದು ದಾರಿ ಯೋಚಿಸಿದ್ದು ಗೊತ್ತಾಯಿತು. ಗ್ರಾಫಿಕ್ಸ್ ಕಾರ್ಡ್ ಒಂದನ್ನಾದರೂ ಬಿಚ್ಚಿ ತಂದಿಟ್ಟುಕೊಂಡರೆ ಹೇಗೆ, ಬಿಲ್ಲಿಗೆ ಅದು ಬೇಕಾಗಿಲ್ಲವಲ್ಲ, ಮುಂದೆ ಎಂದಾದರೂ ಉಳಿದದ್ದನ್ನು ಕೂಡಿಸಿದರಾಯಿತು ಎಂದಳು. ನಾನು ಇಲ್ಲ ಎನ್ನಬೇಕಾಯಿತು. ಕಾರ್ಡಿಗೆ ಹೆಚ್ಚು ಹಣ ಉಳಿಯಲೆಂದು ನಾವು ಚಿತ್ರ ತೋರಿಸುವ ಶಕ್ತಿಯಿಲ್ಲದ ಪ್ರೊಸೆಸರ್ ಆರಿಸಿದ್ದೆವು. ಕಾರ್ಡ್ ತೆಗೆದರೆ ಅಂಗಡಿಯ ಪರದೆಯೂ ಕಪ್ಪಾಗುತ್ತದೆ. ಅವಳು ಒಂದು ಕ್ಷಣದಲ್ಲಿ ಅರ್ಥ ಮಾಡಿಕೊಂಡಳು. "ಹೌದಲ್ಲ" ಎಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಹೊಸದೊಂದು ಮಾಡಿಸೋಣ, ಅರ್ಧ ನಾನು ಹಾಕುತ್ತೇನೆ ಎಂದು ಆಮೇಲೆ ಎರಡು ಮೂರು ಸಲ ಕೇಳಿದೆ. ಮೊದಲ ಸಲ ನೋಡೋಣ ಎಂದಳು. ಆಮೇಲೆ, "ಆ ಹುರುಪು ಈಗಿಲ್ಲಲೇ" ಎಂದಳು. ಸಂಜೆಯ ಫೋನುಗಳು ವಾರಕ್ಕೊಂದಾದವು, ತಿಂಗಳಿಗೊಂದಾದವು. ಈಗ ಮತ್ತೆ ಊಟ ಆಯ್ತಾ, ಮಾತ್ರೆ ತಗೊಂಡ್ಯಾ. ನನ್ನ ಮನೆಯ ಹೆಡ್‌ಫೋನನ್ನು ಮಗ ತನ್ನ ಪಾಠಕ್ಕೆ ತೆಗೆದುಕೊಂಡಿದ್ದಾನೆ.

ಮೊನ್ನೆ ಅಂಗಡಿಯ ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಎಂದು ಮಾಮ ಕರೆದರು. ಸಾಲೆಗೆ ರಜೆ ಇತ್ತು, ಮಾಮ ಮಾಲು ಇಳಿಸಿಕೊಳ್ಳಲು ಹೋಗಿದ್ದರು, ಅಕ್ಕ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದಳು. ಪ್ರಿಂಟರ್ ಸರಿಯಾಯಿತು. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ನೋಡಿದರೆ ಒಳಗೆಲ್ಲ ಗೊಬ್ಬರದ ಬಿಳಿ ಧೂಳು, ಔಷಧಿಯ ವಾಸನೆ. ಅಕ್ಕ ಬಣ್ಣದ ಬ್ರಷ್ ಒಂದನ್ನು ತಂದು ಕಾರ್ಡಿನ ಫ್ಯಾನನ್ನು ಮೆಲ್ಲಗೆ ಒರೆಸಿದಳು.

"ಇದು ತಿರಗಾಕತ್ತಿಲ್ಲಲ್ಲಲೇ. ಕೆಟ್ಟೈತೇನು?"

"ಕೆಟ್ಟಿಲ್ಲಕ್ಕಾ. ಅದಕ್ಕ ಕೆಲಸ ಬಿದ್ದು ಬಿಸಿ ಆದ್ರ ತಿರಗ್ತೈತಿ. ಬಿಲ್ಲಿಗೆ ಅದು ಬಿಸೀನ ಆಗಂಗಿಲ್ಲ."

ಅವಳು ಬ್ರಷ್ಷಿನ ತುದಿಯಿಂದ ಫ್ಯಾನನ್ನು ಒಂದು ಸುತ್ತು ತಿರುಗಿಸಿದಳು. ಅಷ್ಟರಲ್ಲಿ ರೈತರೊಬ್ಬರು ಬಂದು, "ಅಕ್ಕಾರ, ಎರಡು ಚೀಲ ಯೂರಿಯಾ" ಎಂದರು. ಅವಳು ಕೂತಳು. ಬಲಗೈ ಅಂಕಿಗಳನ್ನು ಒತ್ತುತ್ತಿತ್ತು. ಎಡಗೈಯ ಮೂರು ಬೆರಳು ಮಾತ್ರ, ಬಿಲ್ಲಿಗೆ ಯಾವ ಸಂಬಂಧವೂ ಇಲ್ಲದ, ಆಟದಲ್ಲಿ ಕಾರು ತಿರುಗಿಸುವ ಕೀಗಳ ಮೇಲೆ ಕೂತಿದ್ದವು. ಅದು ಅವಳಿಗೆ ಗೊತ್ತಿತ್ತೋ ಇಲ್ಲವೋ. ತಗಡನ್ನು ಮುಚ್ಚಿ ಸ್ಕ್ರೂ ಬಿಗಿ ಮಾಡಿದೆ. ಬಿಲ್ ಹೊರಗೆ ಬಂತು, ರೈತರು ಅದನ್ನು ಹರಿದುಕೊಂಡು ಹೋದರು, ಅವರ ಹಿಂದೆ ನಿಂತಿದ್ದವರು ಮುಂದೆ ಬಂದರು.